ಎ ರೆಕಾರ್ಡಾ, ಸಿನೇಮ್ ರೆಕಾರ್ಡಾ? ಮೊದಲು ನಿಮ್ಮ ಮೇಲ್ ಎಲ್ಲಿದೆ ನೋಡಿ

ಸೈಟಿಗೆ ಎ ರೆಕಾರ್ಡ್ ಹಾಕಲಾ, ಸಿನೇಮ್ ರೆಕಾರ್ಡ್ ಹಾಕಲಾ, ಯಾವುದು ಫಾಸ್ಟ್ ಅಂತ ಕೇಳಿದ್ದೀರಿ. ಎರಡೂ ಡಿಎನ್‌ಎಸ್, ಅಂದರೆ ಇಂಟರ್‌ನೆಟ್‌ನ ವಿಳಾಸ ಪುಸ್ತಕದ ಸಾಲುಗಳು: ಎ (A) ರೆಕಾರ್ಡ್ ಸೈಟಿನ ಹೆಸರಿಗೆ ಸರ್ವರ್‌ನ ಐಪಿ ನಂಬರ್ ಜೋಡಿಸುತ್ತದೆ, ಸಿನೇಮ್ (CNAME) ಇನ್ನೊಂದು ಹೆಸರನ್ನು ಜೋಡಿಸುತ್ತದೆ. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಹುಡುಕುತ್ತಾ ಕೂತಿದ್ದೆ.

ಸಾಗರದ ಹತ್ತಿರ ನಮ್ಮ ಚಿಕ್ಕಪ್ಪನ ಹೋಂಸ್ಟೇ ಇದೆ. ಅದರ ಸೈಟನ್ನು ಹೊಸ ಹೋಸ್ಟಿಂಗ್‌ಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊಸಬರು ಐಪಿ ನಂಬರ್ ಕೊಡಲಿಲ್ಲ, ಒಂದು ಉದ್ದನೆಯ ಹೆಸರು ಕೊಟ್ಟರು. ಹೆಸರಿಗೆ ಹೆಸರು ಜೋಡಿಸೋದು ಸಿನೇಮ್ ತಾನೇ? ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದಕ್ಕೂ ಹಾಕಿದೆ, ಬರೀ ಡೊಮೇನ್‌ಗೂ ಹಾಕಿದೆ. ಡಿಎನ್‌ಎಸ್ ಬದಲಿಸುವ ಪ್ಯಾನಲ್ ತಕರಾರಿಲ್ಲದೆ ಸೇವ್ ಮಾಡಿಕೊಂಡಿತು. ಸೈಟ್ ತೆರೆಯಿತು. ನನ್ನ ಜಿಮೇಲ್‌ನಿಂದ ಅದೇ ಡೊಮೇನ್‌ನ ಹೋಂಸ್ಟೇ ಮೇಲ್ ವಿಳಾಸಕ್ಕೆ ಒಂದು ಮೇಲ್ ಕಳಿಸಿದೆ, ಅದೂ ತಲುಪಿತು.

ದಸರಾ ರಜೆಗೆ ಬುಕಿಂಗ್ ಬರುವ ಸಮಯ. ನಾಲ್ಕನೇ ದಿನ ಚಿಕ್ಕಪ್ಪನ ಫೋನ್: “ಏನೋ, ಒಂದು ಮೇಲೂ ಬರ್ತಿಲ್ವಲ್ಲೋ? ದುಡ್ಡು ಹಾಕಿದ ರಸೀದಿ ಕಳಿಸಿದೀವಿ ಅಂತಾರೆ, ಇಲ್ಲಿ ನೋಡಿದ್ರೆ ಏನೂ ಇಲ್ಲ.”

ಡಿಎನ್‌ಎಸ್ ಉತ್ತರ ತೋರಿಸುವ ಡಿಗ್ ಕಮಾಂಡ್ ಕೊಟ್ಟು ಎಮ್‌ಎಕ್ಸ್, ಅಂದರೆ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವ ರೆಕಾರ್ಡ್ ಕೇಳಿದೆ. ಮೇಲ್ ಸರ್ವರ್ ಹೆಸರು ಬರಬೇಕಾದ ಜಾಗದಲ್ಲಿ ಒಂದೇ ಸಾಲು: ನಮ್ಮ ಡೊಮೇನ್, 86400, ಸಿನೇಮ್, ಆ ಉದ್ದನೆಯ ಹೆಸರು. ಪ್ಯಾನಲ್‌ನಲ್ಲಿ ಮಾತ್ರ ಎಮ್‌ಎಕ್ಸ್ ಸಾಲು ಹಾಗೇ ಇತ್ತು!

ತಪ್ಪು ಎಲ್ಲಿ ಅಂದರೆ, ಸಿನೇಮ್ ಇರುವ ಹೆಸರಿನ ಮೇಲೆ ಬೇರೆ ಯಾವ ರೆಕಾರ್ಡೂ ಇರಬಾರದು. 1987ರಿಂದಲೂ ಡಿಎನ್‌ಎಸ್ ನಿಯಮ ಇದೇ. “ನನ್ನ ಬಗ್ಗೆ ಏನೇ ಬೇಕಿದ್ದರೂ ಆ ಹೆಸರನ್ನು ಕೇಳಿ” ಅನ್ನುವುದೇ ಸಿನೇಮ್. ಅದು ಸೈಟಿಗೆ ಮಾತ್ರ ಅಲ್ಲ, ಮೇಲ್‌ಗೂ ಅನ್ವಯಿಸುತ್ತದೆ. ಬರೀ ಡೊಮೇನ್ ಮೇಲೆ ಅದನ್ನು ನಡೆಸುವ ಡಿಎನ್‌ಎಸ್ ಸರ್ವರ್‌ಗಳ ವಿವರ ಹೇಳುವ ಎಸ್‌ಒಎ, ಎನ್‌ಎಸ್ ರೆಕಾರ್ಡ್‌ಗಳು ಇರಲೇಬೇಕು, ಹಾಗಾಗಿ ಅಲ್ಲಿ ಸಿನೇಮ್‌ಗೆ ಜಾಗವೇ ಇಲ್ಲ. ನಮ್ಮ ಕೇಸಲ್ಲಿ ಮೇಲ್ ಕಳಿಸುವ ಸರ್ವರ್‌ಗಳು ಹೋಸ್ಟಿಂಗ್‌ನವರ ಹೆಸರಿಗೆ ಹೋಗಿ ಬಾಗಿಲು ತಟ್ಟುತ್ತಿದ್ದವು. ಅಲ್ಲಿ ಮೇಲ್ ತೆಗೆದುಕೊಳ್ಳುವವರು ಯಾರೂ ಇಲ್ಲ. ಕಳಿಸುವ ಸರ್ವರ್‌ಗಳು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸಿ ಆಮೇಲೆ ಕೈಬಿಡುತ್ತವೆ. ಅದಕ್ಕೇ ಕಳಿಸಿದವರಿಗೂ ಗೊತ್ತಾಗಲಿಲ್ಲ. ನನ್ನ ಜಿಮೇಲ್ ತಲುಪಿದ್ದು ಕ್ಯಾಶ್‌ನಲ್ಲಿ (ಡಿಎನ್‌ಎಸ್ ಉತ್ತರಗಳನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಜಾಗ) ಹಳೆಯ ಉತ್ತರ ಉಳಿದಿದ್ದರಿಂದ ಇರಬೇಕು. ಸರಿಮಾಡಲು ಐದು ನಿಮಿಷ ಸಾಕಾಯಿತು. ಆದರೆ ಆ ಸಾಲಿನ 86400 ಅನ್ನುವುದು ಟಿಟಿಎಲ್, ಅಂದರೆ ಉತ್ತರವನ್ನು ಎಷ್ಟು ಸೆಕೆಂಡ್ ಇಟ್ಟುಕೊಳ್ಳಬಹುದು ಅನ್ನುವ ಲೆಕ್ಕ; ಅದು ಪೂರ್ತಿ ಒಂದು ದಿನ, ಅಷ್ಟು ಹೊತ್ತು ಹಳೆಯ ಉತ್ತರ ಅಲ್ಲಲ್ಲಿ ಉಳಿದಿತ್ತು. ಮೂರು ಕುಟುಂಬದವರು ಉತ್ತರ ಬರಲಿಲ್ಲವೆಂದು ಬೇರೆ ಕಡೆ ರೂಮ್ ಮಾಡಿಕೊಂಡರು. ಚಿಕ್ಕಪ್ಪ ಬೈಯಲಿಲ್ಲ, ಅದೇ ನನಗೆ ಇವತ್ತಿಗೂ ಬೇಜಾರು.

ಅದಕ್ಕೇ ಹೇಳುತ್ತೇನೆ, ಫಾಸ್ಟ್ ಅನ್ನುವ ಪ್ರಶ್ನೆಯನ್ನೇ ಬಿಡಿ. ಸಿನೇಮ್‌ಗೆ ಒಂದು ಹುಡುಕಾಟ ಜಾಸ್ತಿ ಆಗಬಹುದು, ಅದೂ ಕ್ಯಾಶ್ ಆಗುತ್ತದೆ. ನಿಮ್ಮ ಓದುಗರಿಗೆ ಅದು ಗೊತ್ತೂ ಆಗುವುದಿಲ್ಲ. ಬರೀ ಡೊಮೇನ್‌ಗೆ ಎ ರೆಕಾರ್ಡ್, ಡಬ್ಲ್ಯೂಡಬ್ಲ್ಯೂಡಬ್ಲ್ಯೂಗೆ ಸಿನೇಮ್, ಅಷ್ಟೇ. ಹೋಸ್ಟಿಂಗ್‌ನವರು ಐಪಿ ಕೊಡುವುದೇ ಇಲ್ಲ ಅಂದರೆ ಅಲಿಯಾಸ್ ಅಥವಾ ಸಿನೇಮ್ ಫ್ಲ್ಯಾಟನಿಂಗ್ (ಹೆಸರು ಕೊಟ್ಟರೆ ಅದರ ಐಪಿಯನ್ನು ತಾನೇ ಹುಡುಕಿ ಉತ್ತರವಾಗಿ ಕೊಡುವ ಸೌಲಭ್ಯ) ಇರುವ ಡಿಎನ್‌ಎಸ್ ಸೇವೆಗೆ ಹೋಗಿ. ಕ್ಲೌಡ್‌ಫ್ಲೇರ್‌ನಲ್ಲಿ ಅದು ಇದೆ.

ಬದಲಿಸುವ ಹಿಂದಿನ ದಿನವೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿ, ಈಗಿರುವ ಎಲ್ಲ ರೆಕಾರ್ಡ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬದಲಿಸಿದ ಮೇಲೆ ಬೇರೆ ಬೇರೆ ಕಂಪನಿಯ ಎರಡು ಅಕೌಂಟ್‌ಗಳಿಂದ ಮೇಲ್ ಕಳಿಸಿ ನೋಡಿ. ಮಾರನೇ ದಿನವೂ ಕಳಿಸಿ.