ಬೀಗದ ಕೈ ಯಾರ ಹತ್ರ ಇದೆ?

ಪ್ರಶ್ನೆ: ಸಾರ್, ನಮ್ದು ಮದ್ದೂರು ಹತ್ರ ಹಳ್ಳಿ. ಸ್ತ್ರೀಶಕ್ತಿ ಸಂಘದ ಲೆಕ್ಕ, ಆಧಾರ್, ಪಾಸ್‌ಬುಕ್ ಫೋಟೋ ಎಲ್ಲಾ ವಾಟ್ಸಾಪ್ ಗ್ರೂಪಲ್ಲೇ ಹಾಕ್ತೀವಿ. ಮೈಸೂರಲ್ಲಿ ಓದ್ತಿರೋ ಮಗ ಟೆಲಿಗ್ರಾಂ ಇನ್ನೂ ಸೇಫು, ಗ್ರೂಪ್ ಅಲ್ಲಿಗೇ ಮಾಡ್ಕೊಳಿ ಅಂತಾನೆ. ಇಬ್ರೂ ನಮ್ದೇ ಭದ್ರ ಅಂತಾರಲ್ಲ, ಯಾರನ್ನ ನಂಬೋದು?
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಗ್ರೂಪ್ ಬದಲಾಯಿಸ್ಬೇಡಿ ಕಣಮ್ಮ. ಟೆಲಿಗ್ರಾಂನ ಮಾಮೂಲಿ ಚಾಟಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ (ಕಳಿಸಿದೋರು, ಪಡೆದೋರು ಬಿಟ್ರೆ ಕಂಪನಿಯವ್ರಿಗೂ ಓದಕ್ಕಾಗದ ಬೀಗ) ಇಲ್ಲ, ಸೀಕ್ರೆಟ್ ಚಾಟ್ ಅಂತ ಬೇರೆ ಶುರು ಮಾಡಿದ್ರೆ ಮಾತ್ರ ಇರೋದು, ಅದೂ ಇಬ್ಬರ ಮಧ್ಯೆ ಅಷ್ಟೇ, ಗ್ರೂಪಿಗಂತೂ ಇಲ್ವೇ ಇಲ್ಲ. ಅಂದ್ರೆ ನಿಮ್ಮ ಫೋಟೋನೂ ಅವ್ರ ಸರ್ವರಲ್ಲಿ, ಬೀಗದ ಕೈನೂ ಅವ್ರ ಹತ್ರಾನೇ. ಹುಡುಕಿದ್ರೆ ಅವ್ರ ಸೈಟಲ್ಲೇ ಇದು ಸಿಗುತ್ತೆ, ಆದ್ರೆ ಸೆಕ್ಯೂರ್ ಅನ್ನೋದನ್ನ ಮುಂದೆ ಹಾಕಿ ಈ ಮಾತನ್ನ ಹಿಂದಿಡ್ತಾರಲ್ಲ, ಅದು ನನ್ ಪ್ರಕಾರ ಪ್ರಾಮಾಣಿಕತೆ ಅಲ್ಲ.

ಲಾಕ್‌ಡೌನಲ್ಲಿ ನಿಮ್ ಮಗ ಕ್ಲಾಸ್ ಕೇಳಿರಬಹುದಾದ ಜೂಮ್ ಕತೆನೂ ನೋಡಿ. 2016ರಿಂದ್ಲೇ ಎಂಡ್ ಟು ಎಂಡ್ ಅಂತ ಹೇಳ್ಕೊಂಡು ಬಂದ್ರು, ಕೀ ಮಾತ್ರ ಕಂಪನಿ ಹತ್ರಾನೇ ಇತ್ತು ಅಂತ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2020ರಲ್ಲಿ ಕೇಸ್ ಹಾಕ್ತು, ಆಮೇಲೆ ರಾಜಿ ಆಯ್ತು.

ವಾಟ್ಸಾಪಲ್ಲಿ 2016ರಿಂದ ಗ್ರೂಪಿಗೂ ಸೇರಿ ಎನ್‌ಕ್ರಿಪ್ಷನ್ ತಾನಾಗೇ ಆನ್ ಇರುತ್ತೆ. ಆದ್ರೆ ಯಾರು ಯಾರಿಗೆ ಯಾವಾಗ ಕಳಿಸಿದ್ರು ಅನ್ನೋದು ಅದರೊಳಗೆ ಬರಲ್ಲ, ಜಾಹೀರಾತಲ್ಲಿ ಅದನ್ನ ಯಾರೂ ಎತ್ತಲ್ಲ. ಇನ್ನೊಂದು, ಗೂಗಲ್‌ಗೆ ಹೋಗೋ ಬ್ಯಾಕಪ್, ಅಂದ್ರೆ ನಿಮ್ಮ ಚಾಟಿನ ನಕಲು. ಅದಕ್ಕೆ ಎನ್‌ಕ್ರಿಪ್ಷನ್ ಬಂದಿದ್ದೇ 2021ರಲ್ಲಿ, ಅದನ್ನೂ ನಾವೇ ಆನ್ ಮಾಡ್ಕೋಬೇಕು. ನೀವೊಬ್ರು ಮಾಡ್ಕೊಂಡ್ರೆ ಸಾಲ್ದು, ಸಂಘದಲ್ಲಿ ಒಬ್ರು ಬಿಟ್ರೂ ಎಲ್ಲರ ಆಧಾರೂ ಅವರ ಬ್ಯಾಕಪಲ್ಲಿ ಕೂತಿರುತ್ತೆ.

ಸಿಗ್ನಲ್ ಅಂತ ಇನ್ನೊಂದು ಮೆಸೇಜ್ ಆ್ಯಪ್ ಇದೆ. ನಮ್ದು ಭದ್ರ ಅನ್ನೋ ಅವ್ರ ಮಾತು ನಂಗೆ ಹಿಡಿಸೋದು ಯಾಕಂದ್ರೆ ಅದನ್ನ ಪರೀಕ್ಷೆ ಮಾಡಬಹುದು. ಆ್ಯಪಿನ ಕೋಡ್ ಯಾರು ಬೇಕಾದ್ರೂ ನೋಡೋ ಹಾಗೆ ಬಹಿರಂಗ ಇದೆ, 2016ರಲ್ಲಿ ಅಮೆರಿಕದಲ್ಲಿ ಬಳಕೆದಾರರ ಮಾಹಿತಿ ಕೇಳಿ ಸಮನ್ಸ್ ಬಂದಾಗ ಅವ್ರ ಹತ್ರ ಕೊಡಕ್ಕಿದ್ದಿದ್ದು ಖಾತೆ ತೆರೆದ ದಿನ, ಕೊನೆ ಸಲ ಕನೆಕ್ಟ್ ಆದ ದಿನ, ಇಷ್ಟೇ.

ಮುಂದಿನ ವಾರದ ಮೀಟಿಂಗಲ್ಲಿ ಎಲ್ಲರ ಫೋನಲ್ಲೂ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ತೆಗೆದು ಎನ್‌ಕ್ರಿಪ್ಷನ್ ಆನ್ ಮಾಡ್ಸಿ. ಆಧಾರ್ ಹಾಕಲೇಬೇಕಂದ್ರೆ ಕೊನೆ 4 ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಹಾಕಿ. ಬ್ಯಾಕಪ್‌ಗೆ ಪಾಸ್‌ವರ್ಡ್ ಇಟ್ರೆ ಎಲ್ಲಾದ್ರೂ ಬರ್ದಿಡಿ ಅಮ್ಮ, ಮರೆತೋದ್ರೆ ಕಂಪನಿಯವ್ರಿಗೂ ತೆಗೆದುಕೊಡಕ್ಕಾಗಲ್ಲ.