ಇನ್ನೊಂಚೂರು ಚಟ್ನಿ ಕೇಳಿದ ಹುಡುಗಿಗೆ

ತಿಪಟೂರು ಕಡೆಯ ಓದುಗರೊಬ್ಬರು ಎಂಟು ಹಾಳೆ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ವಯಸ್ಸು 24. ಬೆಂಗಳೂರಿನಲ್ಲಿ ಆಡಿಟರ್ ಕಚೇರಿಯೊಂದರಲ್ಲಿ ಕೆಲಸ, ಹನುಮಂತನಗರದಲ್ಲಿ ಪಿ.ಜಿ. ವಾಸ. ಎಂಟು ಹಾಳೆಯಲ್ಲಿ ಇಷ್ಟನ್ನು ಆರಿಸಿಕೊಂಡಿದ್ದೇನೆ:

“ಸರ್, ಬಸ್ಸಿನಲ್ಲಿ ‘ಇಳಿಯೋರಿದ್ದೀವಿ’ ಅನ್ನೋಕೆ ಬಾಯಿ ಬರದೆ ಎಷ್ಟೋ ಸಲ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆದಿದ್ದೀನಿ. ದರ್ಶಿನಿಯಲ್ಲಿ ನನ್ನ ಮುಂದೆ ನಿಂತವರು ಏನು ತಗೊಂಡ್ರೋ ‘ಅದೇ ಒಂದು’ ಅಂತೀನಿ. ಹೀಗೆ ಇಷ್ಟವಿಲ್ಲದ ಉಪ್ಪಿಟ್ಟು ಎಷ್ಟು ತಿಂದಿದ್ದೀನೋ ಲೆಕ್ಕವಿಲ್ಲ. ಆಫೀಸ್ ಫೋನು ರಿಂಗಾದರೆ ಎದೆ ಡವಡವ. ಹೋದ ತಿಂಗಳು ಒಂದಿನ ಇಡ್ಲಿಗೆ ಚಟ್ನಿ ಸಾಲಲಿಲ್ಲ. ತಟ್ಟೆ ಹಿಡಿದು ಐದು ನಿಮಿಷ ನಿಂತೆ. ಕೊನೆಗೆ ‘ಇನ್ನೊಂಚೂರು ಚಟ್ನಿ’ ಅಂದೆ. ಅವರು ನನ್ನ ಮುಖ ಕೂಡ ನೋಡದೆ ಒಂದು ಸೌಟು ಹಾಕಿದರು. ಅವತ್ತು ರೂಮಿನವರೆಗೂ ಒಬ್ಬಳೇ ನಗ್ತಾ ನಡೆದೆ. ಇಷ್ಟಕ್ಕೆ ಇಷ್ಟು ಖುಷಿ ಪಡೋದು ಹುಚ್ಚಾ? ರೂಮ್‌ಮೇಟ್ ‘ನೀನು ಇಂಟ್ರೋವರ್ಟ್ ಕಣೇ, ಯಾಕೆ ಬದಲಾಗಬೇಕು, ನಿನ್ನ ಪಾಡಿಗೆ ನೀನಿರು’ ಅಂತಾಳೆ. ಚಿಕ್ಕಮ್ಮ ‘ನಾಲ್ಕು ಜನರ ಜೊತೆ ಬೆರೀಬೇಕಮ್ಮ’ ಅಂತಾರೆ. ಯಾರ ಮಾತು ಕೇಳಲಿ?”

ಉತ್ತರ:

ಹುಚ್ಚಲ್ಲ ತಾಯೀ. ನಿಮ್ಮ ಪತ್ರವನ್ನು ನಮ್ಮ ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಚಟ್ನಿ ಬಿದ್ದಾಗ ಇಬ್ಬರು ಚಪ್ಪಾಳೆ ಹೊಡೆದರು.

ಮೊದಲು ರೂಮ್‌ಮೇಟ್ ವಿಷಯ ಮುಗಿಸೋಣ. ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. ಲೋಕದಲ್ಲಿ ಕಡಿಮೆ ಮಾತಿನವರು ಇರುತ್ತಾರೆ, ಇರಬೇಕು, ಇಲ್ಲದಿದ್ದರೆ ಕೇಳಿಸಿಕೊಳ್ಳುವವರು ಯಾರು? ಮೂಲೆಯಲ್ಲಿ ಪುಸ್ತಕ ಹಿಡಿದು ಕೂತವರನ್ನು ಎಬ್ಬಿಸಿ ಕುಣಿಸಬೇಕಿಲ್ಲ. ಆದರೆ ಇಂಟ್ರೋವರ್ಟ್ ಅನ್ನುವ ಮಾತು ಈಗ ರೆಡಿಮೇಡ್ ಅಂಗಿಯ ಹಾಗಾಗಿದೆ, ಎಲ್ಲರೂ ಅದನ್ನೇ ತೊಟ್ಟು ಓಡಾಡುತ್ತಿದ್ದಾರೆ. ಯೂಂಗ್ ಎಂಬ ಸ್ವಿಸ್ ಮನೋವೈದ್ಯ 1921ರಲ್ಲಿ ತನ್ನ ಪುಸ್ತಕದಲ್ಲಿ ಈ ಮಾತನ್ನು ವಿವರಿಸಿದ್ದು ಮನಸ್ಸು ಒಳಮುಖವಾಗಿ ಹರಿಯುವವರ ಬಗ್ಗೆ. ಅಂಥವರಿಗೆ ಜಾತ್ರೆ ಬೇಡ ಅನಿಸುತ್ತದೆ, ಹೋಗುವುದಿಲ್ಲ, ಮನೆಯಲ್ಲಿ ಸುಖವಾಗಿರುತ್ತಾರೆ. ನಿಮಗೆ ಜಾತ್ರೆ ಬೇಕು. ನೀವೇ ಆರನೇ ಹಾಳೆಯಲ್ಲಿ ಬರೆದಿದ್ದೀರಿ, ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ರಾಶಿಯ ಮುಂದೆ ನಿಂತು, ಎಲ್ಲರೂ ಒಂದೆರಡು ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರೆ, ಕೈ ಚಾಚಲಾಗದೆ ಬಂದುಬಿಟ್ಟೆ ಅಂತ. ಬೇಡದವರ ಕಥೆ ಅಲ್ಲ ಅದು. ಹಸಿದವರ ಕಥೆ.

ಕನ್ನಡದಲ್ಲಿ ಇದಕ್ಕೆ ಎಷ್ಟು ಮಾತುಗಳಿವೆ ನೋಡಿ. ನಾಚಿಕೆ, ಸಂಕೋಚ, ಮುಜುಗರ, ಅಳುಕು, ಅಂಜಿಕೆ, ದಾಕ್ಷಿಣ್ಯ, ವೇದಿಕೆಗೇ ಮೀಸಲಾದ ಸಭಾಕಂಪನ. ಒಂದೊಂದರ ರುಚಿ ಬೇರೆ. ಬಸ್ಸಿನಲ್ಲಿ ನಿಮಗಾಗಿದ್ದು ಅಳುಕು. ಚಟ್ನಿ ಕೇಳಲು ತಡೆದದ್ದು ದಾಕ್ಷಿಣ್ಯ. ಇಷ್ಟು ಮಾತುಗಳನ್ನು ಬಿಟ್ಟು ಎಲ್ಲಕ್ಕೂ ಒಂದೇ ಇಂಗ್ಲಿಷ್ ಚೀಟಿ ಅಂಟಿಸಿಕೊಂಡರೆ ರೋಗವೂ ತಿಳಿಯುವುದಿಲ್ಲ, ಮದ್ದೂ ತಿಳಿಯುವುದಿಲ್ಲ.

ನಾನು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದು ಒಂದೇ ಸಾಲಿಗೆ: ‘ಅವರು ನನ್ನ ಮುಖ ಕೂಡ ನೋಡದೆ’. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ 2000ದಲ್ಲಿ ಪ್ರಕಟಿಸಿದರು. ಕಾಲೇಜು ಹುಡುಗರಿಗೆ, ಹಾಕಿಕೊಂಡರೆ ಮಾನ ಹೋಗುತ್ತದೆ ಅನಿಸುವಂಥ ಒಬ್ಬ ಗಾಯಕನ ಮುಖವಿದ್ದ ಟೀ ಶರ್ಟ್ ತೊಡಿಸಿ, ಜನ ಕೂತಿದ್ದ ಕೋಣೆಗೆ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಅಂತ ಆಮೇಲೆ ಕೇಳಿದರೆ, ಸುಮಾರು ಅರ್ಧದಷ್ಟು ಜನ ಅಂದರು. ನಿಜವಾಗಿ ಗಮನಿಸಿದವರು ಕಾಲು ಭಾಗದಷ್ಟು. ಉಳಿದವರೆಲ್ಲ ತಮ್ಮ ಅಂಗಿಯ ಚಿಂತೆಯಲ್ಲಿದ್ದರು ಅಂತ ಕಾಣುತ್ತದೆ! ದರ್ಶಿನಿಯ ಆ ಮನುಷ್ಯ ಅವತ್ತು ಬೆಳಿಗ್ಗೆಯಿಂದ ಎಷ್ಟು ಸೌಟು ಹಾಕಿದ್ದರೋ. ನಿಮ್ಮದೂ ಒಂದು. ನಿಮಗೆ ಯುದ್ಧ, ಅವರಿಗೆ ಚಟ್ನಿ.

ನನಗೆ ಇದೆಲ್ಲ ಪುಸ್ತಕ ಓದಿ ಗೊತ್ತಾಗಿದ್ದಲ್ಲ. 1984ರಲ್ಲಿ ಹಳ್ಳಿಯಿಂದ ಈ ಊರಿಗೆ ಬಂದ ಹೊಸತು. ಬಸ್ಸಿನಲ್ಲಿ ಹತ್ತು ರೂಪಾಯಿ ನೋಟು ಕೊಟ್ಟೆ. ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟ. ಎಂಟೂ ಚಿಲ್ಲರೆ ರೂಪಾಯಿ. ನನಗೆ ಆಗ ಎರಡು ದಿನದ ಊಟ. ‘ಚಿಲ್ಲರೆ ಕೊಡಿ’ ಅನ್ನುವ ಎರಡು ಪದವನ್ನು ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡೆ. ಸ್ಟಾಪ್ ಬಂತು. ಇಳಿದೆ. ಬಸ್ಸು ಹೋಯಿತು. ಟಿಕೆಟ್ಟು ಕೈಯಲ್ಲೇ ಬೆವೆತು ಒದ್ದೆಯಾಗಿತ್ತು.

ಅಂಥವನನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಒಂದು ಸಣ್ಣ ಪ್ರೆಸ್ಸು. ಅಕ್ಷರದ ಅಚ್ಚುಮೊಳೆಗಳನ್ನು ಕೈಯಲ್ಲಿ ಒಂದೊಂದಾಗಿ ಜೋಡಿಸುವ ಕಾಲ. ಒತ್ತಕ್ಷರದ ಮೊಳೆಗಳು ಯಾವಾಗಲೂ ಕಮ್ಮಿ ಬೀಳುತ್ತಿದ್ದವು. ‘ಹೋಗಿ ಪಕ್ಕದ ಪ್ರೆಸ್ಸಿನಲ್ಲಿ ನಾಲ್ಕು ಳ್ಳ ಇಸ್ಕೊಂಡು ಬಾ’ ಅಂತ ನಮ್ಮ ಫೋರ್‌ಮನ್ ಓಡಿಸುತ್ತಿದ್ದರು. ಮೊದಲ ದಿನ ಆ ಬಾಗಿಲಲ್ಲಿ ಕಾಲು ಗಂಟೆ ನಿಂತಿದ್ದೆ. ಒಳಗಿನಿಂದ ಒಬ್ಬರು ತಲೆ ಎತ್ತದೆ ಕೇಳಿದರು, ‘ಯಾವ ಅಕ್ಷರ ಮರಿ?’ ಅಷ್ಟೇ. ಎರಡನೇ ವಾರಕ್ಕೆ ಐದು ನಿಮಿಷ ನಿಂತೆ. ಮಳೆಗಾಲದ ಹೊತ್ತಿಗೆ ಅವರ ಜೊತೆ ಟೀ ಕುಡಿಯುತ್ತಿದ್ದೆ, ಅವರಿಗೆ ಬೇಕಾದ ಮೊಳೆ ಯಾವುದು ಅಂತ ನಾನೇ ಕೇಳುತ್ತಿದ್ದೆ. ಯಾರೂ ನನಗೆ ಧೈರ್ಯದ ಪಾಠ ಹೇಳಲಿಲ್ಲ. ಕಾಲು ಮೊದಲು ಹೋಯಿತು, ಎದೆ ಆಮೇಲೆ ಹಿಂದೆ ಬಂತು.

ಮನೋವೈದ್ಯರು ಮಾಡಿಸುವುದೂ ಸುಮಾರಾಗಿ ಇದನ್ನೇ. ಭಯದ ಜಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ಹೋಗು, ಓಡಿಹೋಗದೆ ನಿಲ್ಲು, ಎದೆಬಡಿತ ತಾನೇ ಇಳಿಯುವುದನ್ನು ನೋಡು ಅನ್ನುತ್ತಾರೆ. ತಪ್ಪಿಸಿಕೊಂಡ ಪ್ರತಿ ಸಲವೂ ಭಯಕ್ಕೆ ಊಟ ಹಾಕಿದ ಹಾಗೆ. ನಿಮ್ಮ ‘ಅದೇ ಒಂದು’ ಕೂಡ ಅಂಥ ಊಟವೇ. ಜನರ ಮುಂದೆ ಆಗುವ ಇಂಥ ಭಯ ಮಿತಿಮೀರಿದಾಗ ಅದನ್ನು ಅಮೆರಿಕದ ಮನೋವೈದ್ಯರ ಸಂಘ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಹಾಗಂತ ನಾಚಿಕೆಯೆಲ್ಲ ಕಾಯಿಲೆಯಲ್ಲ. ಆದರೆ ಕೆಲಸ ಬಿಡುವ ಹಾಗಾದರೆ, ನಿದ್ದೆ ಊಟ ಕೆಟ್ಟರೆ, ಬದುಕೇ ಬೇಡ ಅನಿಸಿದರೆ ಸಂಪಾದಕರಿಗೆ ಪತ್ರ ಬರೆಯುತ್ತಾ ಕೂರಬೇಡಿ. ನಿಮ್ಹಾನ್ಸ್ ನಿಮ್ಮಿಂದ ದೂರವಿಲ್ಲ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿಯವರು ಕನ್ನಡದಲ್ಲೇ, ಹಗಲು ರಾತ್ರಿ, ಪುಕ್ಕಟೆ ಮಾತಾಡುತ್ತಾರೆ. (ಫೋನ್ ಅಂದರೆ ಭಯ ಅನ್ನುವವರಿಗೆ ಫೋನ್ ನಂಬರೇ ಕೊಡುತ್ತಿದ್ದೇನೆ, ಗೊತ್ತು. ಬೇರೆ ದಾರಿ ಕಾಣಲಿಲ್ಲ.)

ಇನ್ನು ಚಿಕ್ಕಮ್ಮ. ಅವರ ಮಾತಿನ ಪರ ನಾನಿದ್ದೇನೆ. ಆದರೆ ಅವರ ತಲೆಮಾರಿನ ಮೇಲೆ, ಅಂದರೆ ನನ್ನ ತಲೆಮಾರಿನ ಮೇಲೆ, ನನಗೊಂದು ತಕರಾರಿದೆ. ಹೆಣ್ಣುಮಕ್ಕಳಿಗೆ ಇಪ್ಪತ್ತು ವರ್ಷ ಏನು ಹೇಳಿಕೊಟ್ಟೆವು? ತಗ್ಗಿ ಬಗ್ಗಿ ನಡಿ, ಜೋರಾಗಿ ನಗಬೇಡ, ದೊಡ್ಡವರ ಮಧ್ಯೆ ಬಾಯಿ ಹಾಕಬೇಡ. ‘ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು’ ಅಂತ ಗಾದೆ ಬೇರೆ. ಇಪ್ಪತ್ತೊಂದಕ್ಕೆ ಕಾಲೇಜು ಮುಗಿಯುತ್ತದೆ, ಮಾರನೇ ದಿನ ‘ಕಮ್ಯುನಿಕೇಶನ್ ಸ್ಕಿಲ್ಸ್ ಇಲ್ವಲ್ಲಮ್ಮ’ ಅನ್ನುತ್ತೇವೆ, ಅದೂ ಇಂಗ್ಲಿಷಿನಲ್ಲಿ ಬೇಕು. ಬಾಯಿ ಕಟ್ಟಿದವರು ನಾವೇ, ಯಾಕೆ ಹಾಡುತ್ತಿಲ್ಲ ಅಂತ ಕೇಳುವವರೂ ನಾವೇ. ಮದುವೆ ಮನೆಗೆ ಆ ಹುಡುಗಿ ಹೇಗೋ ಧೈರ್ಯ ಮಾಡಿ ಬಂದರೆ, ಹತ್ತು ಜನರ ಮುಂದೆ ‘ಇವಳು ಮಾತೇ ಆಡಲ್ಲ ನೋಡಿ’ ಅಂತ ಪರಿಚಯ. ಮುಂದಿನ ಮದುವೆಗೆ ಅವಳು ಬರುವುದಿಲ್ಲ. ಚಿಕ್ಕಮ್ಮನಿಗೆ ಈ ಪುಟ ತೋರಿಸಿ, ಬೇಜಾರು ಮಾಡಿಕೊಂಡರೆ ನನ್ನ ಹೆಸರು ಹೇಳಿ.

ಗಾಂಧೀಜಿ ಆತ್ಮಕಥೆ ಓದಿದ್ದೀರಾ? ಬ್ಯಾರಿಸ್ಟರ್ ಆಗಿ ಬಂದು ಬೊಂಬಾಯಿಯ ಸಣ್ಣ ವ್ಯಾಜ್ಯಗಳ ಕೋರ್ಟಿನಲ್ಲಿ ಮೊದಲ ಕೇಸು. ಫೀಸು 30 ರೂಪಾಯಿ. ಪಾಟೀಸವಾಲಿಗೆ ಎದ್ದು ನಿಂತರು, ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತುಬಿಟ್ಟರು. ಪಟೇಲ್ ಅನ್ನುವ ವಕೀಲರನ್ನು ಇಟ್ಟುಕೊಳ್ಳಿ ಅಂತ ಹೇಳಿ ಫೀಸು ವಾಪಸ್ ಮಾಡಿ ಹೊರಟರು. ಪಟೇಲರ ಫೀಸು 51. ಮುಂದೆ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಅಲ್ಲಿನ ಭಾರತೀಯರನ್ನು ಸೇರಿಸಿ ಮಾತಾಡಿದರಲ್ಲ, ಅದನ್ನೇ ತಮ್ಮ ಜೀವನದ ಮೊದಲ ಭಾಷಣ ಅಂತ ಕರೆದುಕೊಂಡಿದ್ದಾರೆ. ಈ ಕಥೆಯನ್ನು ‘ಮೌನವೇ ಬಂಗಾರ’ ಅನ್ನುವುದಕ್ಕೆ ಉದಾಹರಣೆ ಕೊಡುವವರಿದ್ದಾರೆ. ನನಗೆ ಕಾಣುವುದು ಬೇರೆ. ಫೀಸು ವಾಪಸ್ ಕೊಟ್ಟು ಮನೆ ಸೇರಿದವರು ಅಲ್ಲೇ ಉಳಿಯಲಿಲ್ಲ, ಹಡಗು ಹತ್ತಿದರು.

ನನ್ನ ನಿಜವಾದ ಜಗಳ ಇರುವುದು ಈ ಊರಿನ ಜೊತೆ. ಹಿಂದೆ ಒಂದು ದಿನದಲ್ಲಿ ಇಪ್ಪತ್ತು ಸಣ್ಣ ಮಾತು ಆಡದೆ ಬದುಕಲು ಆಗುತ್ತಿರಲಿಲ್ಲ. ಹಾಲಿನವರ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ, ಸೀಮೆಎಣ್ಣೆ ಸಾಲಿನಲ್ಲಿ, ತರಕಾರಿ ಗಾಡಿ ಹತ್ತಿರ. ‘ಎಷ್ಟು?’ ‘ಜಾಸ್ತಿಯಾಯ್ತಲ್ಲ.’ ‘ನಾಳೆ ಕೊಡ್ಲಾ?’ ಎರಡೆರಡು ಪದ. ಅಂಜುಬುರುಕರಿಗೆ ಅದೇ ಗರಡಿ. ಈಗ ಊಟ ಬಾಗಿಲಿಗೆ ಬರುತ್ತದೆ, ‘ಬೆಲ್ ಮಾಡಬೇಡಿ, ಇಟ್ಟು ಹೋಗಿ’ ಅಂತ ಒತ್ತಲು ಬಟನ್ ಇದೆ. ಮೆಟ್ರೋ ಟಿಕೆಟ್ ಮೊಬೈಲಿನಲ್ಲಿ. ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಅದು ಒಳ್ಳೆಯದೇ, ಆದರೆ ಚಿಲ್ಲರೆ ಕೇಳುವ ವಿದ್ಯೆಯೂ ಅದರ ಜೊತೆ ಹೋಯಿತು. ಮೊನ್ನೆ ಬಾಳೆಹಣ್ಣಿನ ಅಂಗಡಿಯಲ್ಲಿ ನೋಡಿದೆ. ಹುಡುಗ ಹಣ್ಣು ತೋರಿಸಿದ, ಅಂಗಡಿಯವರು ತೂಗಿ ಬೆರಳಲ್ಲಿ ಬೆಲೆ ತೋರಿಸಿದರು, ಹುಡುಗ ಸ್ಕ್ಯಾನ್ ಮಾಡಿದ. ಮೂವರಲ್ಲಿ ಮಾತಾಡಿದ್ದು ದುಡ್ಡು ಬಂತು ಅಂತ ಕೂಗುವ ಆ ಡಬ್ಬಿ ಒಂದೇ!

ಹೀಗಾಗಿ ಈಗಿನವರಿಗೆ ಮಾತಿನ ಸಂದರ್ಭ ಬರುವುದೇ ದೊಡ್ಡ ದೊಡ್ಡವು. ಇಂಟರ್‌ವ್ಯೂ, ಹುಡುಗಿ ನೋಡುವ ಶಾಸ್ತ್ರ, ಬಾಸ್ ಮುಂದೆ ಪ್ರೆಸೆಂಟೇಶನ್. ಈಜು ಕಲಿಯಲು ಮೊಣಕಾಲುದ್ದ ನೀರೇ ಇಲ್ಲ, ಇರುವುದೆಲ್ಲ ಬಾವಿ. ಮುಳುಗಿದವರಿಗೆ ‘ನೀನು ಇಂಟ್ರೋವರ್ಟ್’ ಅಂತ ಸಮಾಧಾನ. ನೀವು ಊರಿನಲ್ಲಿ ತಾತನ ಜೊತೆ ಕೊಬ್ಬರಿ ಮಂಡಿಗೆ ಹೋಗುತ್ತಿದ್ದಾಗ ಭಯವೇ ಇರಲಿಲ್ಲ ಅಂತ ಬರೆದಿದ್ದೀರಿ. ಹುಟ್ಟುಗುಣವಾಗಿದ್ದರೆ ಮಂಡಿಯಲ್ಲೂ ಇರಬೇಕಿತ್ತಲ್ವಾ?

ಕಾರ್ತಿಕದ ಕೊನೇ ಸೋಮವಾರ ಪರಿಷೆ ಬರುತ್ತದೆ. ನಿಮ್ಮ ರೂಮಿನಿಂದ ನಡೆದುಹೋಗುವ ದೂರ. ಈ ಸಲ ಮೊದಲ ರಾಶಿಯಲ್ಲಿ ಸೇರಿಗೆ ಎಷ್ಟು ಅಂತ ಕೇಳಿ. ಎರಡನೇ ರಾಶಿಯಲ್ಲಿ ಎರಡು ಕಾಯಿ ಬಿಡಿಸಿ ತಿನ್ನಿ. ಮೂರನೆಯದರಲ್ಲಿ ಚೌಕಾಸಿ ಮಾಡಿ, ಕೊಳ್ಳದೆ ಬನ್ನಿ. ಇದು ಕಷ್ಟದ್ದು, ನನಗೇ ಇನ್ನೂ ಸರಿಯಾಗಿ ಬರುವುದಿಲ್ಲ. ಬೈದರೆ ಬೈಯಲಿ, ಪಕ್ಕದ ರಾಶಿಯವರು ಕರೆಯುತ್ತಾರೆ.

ಕೊನೆಗೆ ಒಂದು ಲೆಕ್ಕದ ವಿಷಯ. ಎಂಟು ಹಾಳೆಯ ಲಕೋಟೆಗೆ ಒಂದೇ ಸ್ಟಾಂಪು ಅಂಟಿಸಿದ್ದೀರಿ. ತೂಕ ಹಾಕಿಸಿ ಎಷ್ಟಾಗುತ್ತೆ ಅಂತ ಪೋಸ್ಟಾಫೀಸಿನ ಕೌಂಟರಿನಲ್ಲಿ ಕೇಳಲು ಹಿಂಜರಿದು ಹಾಗೇ ಕೆಂಪು ಡಬ್ಬಿಗೆ ಹಾಕಿದಿರಿ ಅಂತ ನನ್ನ ಅನುಮಾನ. ಪೋಸ್ಟ್‌ಮ್ಯಾನ್ ನಮ್ಮಿಂದ ಹತ್ತು ರೂಪಾಯಿ ವಸೂಲಿ ಮಾಡಿಕೊಂಡು ಹೋದರು. ಆಡಿಟರ್ ಕಚೇರಿಯವರು ಬಾಕಿ ಇಟ್ಟುಕೊಳ್ಳಬಾರದು. ಮೊಬೈಲಿನಲ್ಲಿ ಕಳಿಸಿದರೆ ತಗೊಳ್ಳುವುದಿಲ್ಲ, ಖುದ್ದಾಗಿ ತಂದುಕೊಡಬೇಕು. ನಮ್ಮ ಬೋರ್ಡು ಹೋದ ಮಳೆಗಾಲದಲ್ಲಿ ಬಿದ್ದುಹೋಗಿದ್ದು ಇನ್ನೂ ಹಾಕಿಸಿಲ್ಲ, ಮೆಟ್ಟಿಲು ರಸ್ತೆಗೆ ಕಾಣುವುದಿಲ್ಲ. ಕೆಳಗಿನ ಟೀ ಅಂಗಡಿಯಲ್ಲಿ ಕೇಳಿಕೊಂಡು ಬನ್ನಿ.