ಮರುಸ್ನಾನ ಬೇಡ
ನೀವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟಂಟ್ ಸಭೆಯಲ್ಲಿ ಮಗುವಾಗಿದ್ದಾಗಲೇ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದವರು. ಈಗ ನಲವತ್ತರಲ್ಲಿ ಕಥೋಲಿಕರಾಗಲು ಮತ್ತೆ ಸ್ನಾನ ಮಾಡಿಸಿಕೊಳ್ಳಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಕೊಟ್ಟ ದೀಕ್ಷಾಸ್ನಾನವನ್ನು ಕಥೋಲಿಕ ಧರ್ಮಸಭೆ ಒಪ್ಪುತ್ತದೆ, ಅದನ್ನು ಎರಡನೆಯ ಸಲ ಕೊಡುವುದಿಲ್ಲ. ಯಾರಾದರೂ "ಹಳೆಯದೆಲ್ಲ ಲೆಕ್ಕಕ್ಕಿಲ್ಲ" ಎಂದರೆ ದಯವಿಟ್ಟು ನಂಬಬೇಡಿ. ನಿಮ್ಮ ತಂದೆತಾಯಿ ಕೊಡಿಸಿದ್ದು ನಿಜವಾದ ಸಂಸ್ಕಾರವೇ.

ಹಳೆಯ ಸಭೆಯಿಂದ ದೀಕ್ಷಾಸ್ನಾನದ ಪ್ರಮಾಣಪತ್ರ ತಂದು ನಿಮ್ಮ ಊರಿನ ಕಥೋಲಿಕ ಧರ್ಮಕೇಂದ್ರದ (ಚರ್ಚಿನ) ಗುರುಗಳನ್ನು ಕಾಣಿರಿ. ಸ್ವಲ್ಪ ಕಾಲ ಧರ್ಮೋಪದೇಶ ಇರುತ್ತದೆ. ಎಷ್ಟು ಎಂಬುದು ನಿಮ್ಮ ತಿಳಿವಳಿಕೆಯನ್ನು ನೋಡಿ ಅವರು ನಿರ್ಧರಿಸುತ್ತಾರೆ. ಬೈಬಲ್ ಓದಿ ಬೆಳೆದವರಿಗೆ ಬಹಳಷ್ಟು ಗೊತ್ತೇ ಇರುತ್ತದೆ. ಮಾತೆ ಮರಿಯ, ಪೋಪರ ಅಧಿಕಾರ, ಪರಮಪ್ರಸಾದ (ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿ) ಇವುಗಳ ಬಗ್ಗೆ ಮನಸ್ಸಿನಲ್ಲಿರುವ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಬಾಯಿಮಾತಿಗೆ ತಲೆಯಾಡಿಸಿ ಒಳಗೆ ಬರುವುದಕ್ಕಿಂತ ತಡವಾಗಿ ಬರುವುದೇ ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊನೆಗೆ ಪಾಪನಿವೇದನೆ, ಆಮೇಲೆ ಬಲಿಪೂಜೆಯಲ್ಲಿ (ಮಾಸ್) ವಿಶ್ವಾಸ ಪ್ರಕಟಣೆ, ದೃಢೀಕರಣ (ಪವಿತ್ರಾತ್ಮರ ವರ ಕೋರಿ ತೈಲ ಹಚ್ಚುವ ಸಂಸ್ಕಾರ), ಪರಮಪ್ರಸಾದ. ಇದಕ್ಕಾಗಿ ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ರಾತ್ರಿಯ ಜಾಗರಣೆಯವರೆಗೆ ಕಾಯಲೇಬೇಕೆಂದಿಲ್ಲ. ಆ ರಾತ್ರಿ ಮುಖ್ಯವಾಗಿ ಹೊಸದಾಗಿ ದೀಕ್ಷಾಸ್ನಾನ ಪಡೆಯುವವರದು. ಮದುವೆಯಾಗಿದ್ದರೆ ಆ ವಿವರವನ್ನೂ ಗುರುಗಳಿಗೆ ಮೊದಲೇ ತಿಳಿಸಿ.